ಗಡಿಯಾರದ ಗೆಳೆಯನಿಗೆ ಕೊಟ್ಟ ಪ್ರತಿ

“ಇನ್ನೊಂದು ಸಲ ನನ್ನ ತಂಗಿಯನ್ನ ಕಳ್ಳಿ ಅಂದ್ರೆ ಆ ಬಾಯಿಗೆ ಹೊಲಿಗೆ ಹಾಕಿಬಿಡ್ತೀನಿ! ಸೂಜಿ ಬ್ಯಾಗಲ್ಲೇ ಇದೆ!”

ಪುಸ್ತಕಕ್ಕೆ ರಟ್ಟು ಕಟ್ಟುವ ಬೈಂಡರಕ್ಕ ಮೇಜಿಗೆ ಬಡಿದ ಏಟಿಗೆ ಟೀ ಕಪ್ಪುಗಳು ಗಲಗಲ ಎಂದವು.

“ಅಂತೀನಿ. ಏನು ಮಾಡ್ಕೋತೀಯ? ಕಳ್ಳಿ, ಕಳ್ಳಿ, ಕಳ್ಳಿ!” ಹಳೆ ಪುಸ್ತಕದ ವ್ಯಾಪಾರಿ ಕುರ್ಚಿಯನ್ನು ಹಿಂದಕ್ಕೆ ತಳ್ಳಿ ಎದ್ದ. ಬಂದವರಿಗೆಲ್ಲ ಬೆಣ್ಣೆ ಸವರಿದಂತೆ ಮಾತಾಡುವ ಈತನಿಗೆ ಬೆಣ್ಣೆ ಎಂದೇ ಅಡ್ಡಹೆಸರು. ಇವತ್ತು ಆ ನಯವೆಲ್ಲ ಕರಗಿಹೋಗಿತ್ತು. “ಬೀರುವಿನ ಬೀಗದ ಕೈ ಯಾರ ಹತ್ತಿರ ಇತ್ತು? ಇವಳ ಹತ್ತಿರ. ಅಸಲು ಪುಸ್ತಕ ಹೊರಗೆ ಹೋಗಿ, ನಕಲು ಒಳಗೆ ಬಂದು ಕೂತಿದೆ. ಅದೇನು ತಾನೇ ನಡ್ಕೊಂಡು ಹೋಯ್ತಾ?”

“ಇವಳು ಕೊಟ್ಟದ್ದನ್ನ ನೀನು ಕಣ್ಣಾರೆ ಕಂಡೆಯಾ?”

“ನನಗೆ ತಂದುಕೊಟ್ಟ ದಲ್ಲಾಳಿ ಹೇಳಿದ. ‘ಡಾಕ್ಟರ ಮನೆ ಹೆಂಗಸು ಕೊಟ್ಟಳು’ ಅಂದ.”

“ಆ ದಲ್ಲಾಳಿ ಎಲ್ಲಿ?”

“ಊರು ಬಿಟ್ಟು ಹೋದ.”

“ಹೋಗದೆ ಏನು! ಹುಟ್ಟಿದ್ದರೆ ತಾನೆ ಇರೋಕೆ!”

“ಇಬ್ಬರೂ ಕೂತ್ಕೊಳ್ಳಿ!” ಎಂದು ಇನ್‌ಸ್ಪೆಕ್ಟರು ಗದರಿದರು. ಗದರಿದ್ದು ಮುಗಿಯುವ ಮೊದಲೇ ದೊಡ್ಡದಾಗಿ ಸೀನಿದರು. ಆರಡಿ ಎತ್ತರದ ಆಸಾಮಿ. ಚೂರಿ ಹಿಡಿದವನ ಎದುರೂ ಅಂಜದೆ ನಿಂತವರು ಎಂದು ಹೆಸರು. ಆದರೆ ಪುಸ್ತಕದ ಧೂಳಿಗೆ ಮಾತ್ರ ಸೋತುಹೋಗಿದ್ದರು. ಮೂಗು ಕೆಂಪಾಗಿ ಮೂಲಂಗಿಯಂತಾಗಿತ್ತು.

ಮೂರು ದಿನದ ಹಿಂದೆ ಬೆಣ್ಣೆ ಡಾಕ್ಟರ ಈ ಮನೆಗೆ ಒಂದು ಪುಸ್ತಕ ತಂದು, “ಡಾಕ್ಟರೇ, ನಿಮ್ಮ ಬೀರುವಿನಲ್ಲಿರೋದು ನಕಲು, ಅಸಲು ಇಲ್ಲಿದೆ” ಎಂದಿದ್ದ. ಅವತ್ತಿನಿಂದ ಇಲ್ಲಿಯ ಪುಸ್ತಕ ನೋಡಿಕೊಳ್ಳುವ ತಂಗಿಯ ತಲೆಯ ಮೇಲೆ ಕತ್ತಿ ತೂಗುತ್ತಿತ್ತು.

ಆ ಎರಡು ಪುಸ್ತಕಗಳೂ ಈಗ ಹಸಿರು ಬಟ್ಟೆ ಹಾಸಿದ ಮೇಜಿನ ಮೇಲೆ ಅಕ್ಕಪಕ್ಕ ಮಲಗಿದ್ದವು. ಅವಳಿ ಮಕ್ಕಳ ಹಾಗೆ. ಅದೇ ಕಂದು ರಟ್ಟು, ಅದೇ ಮಾಸಿದ ಬೆನ್ನು, ಅದೇ ವರ್ಷ, ಅದೇ ಮೊದಲ ಮುದ್ರಣ. ತೆರೆದರೆ ಮೊದಲ ಖಾಲಿ ಹಾಳೆಯಲ್ಲಿ ಅದೇ ನೀಲಿ ಶಾಯಿ, ಅದೇ ಬಲಕ್ಕೆ ವಾಲಿದ ಅಕ್ಷರ, ಅದೇ ಮಾತು:

“ನಿಂತುಹೋದ ನನ್ನ ಗಡಿಯಾರವನ್ನೂ ನಿಂತುಹೋದ ನನ್ನ ಕಾದಂಬರಿಯನ್ನೂ ಒಂದೇ ವಾರದಲ್ಲಿ ನಡೆಸಿದ ಗೆಳೆಯನಿಗೆ.”

ಕೆಳಗೆ ಸಹಿ. ಬರೆದವರು ರೈಲಿನಲ್ಲಿ ಗಾರ್ಡ್ ಆಗಿದ್ದ ಕಾದಂಬರಿಕಾರರು, ಬರೆಸಿಕೊಂಡವನು ನಿಲ್ದಾಣದ ಎದುರಿನ ಗಡಿಯಾರ ರಿಪೇರಿಯವನು. ಇಬ್ಬರೂ ಈಗಿಲ್ಲ. ಗಾರ್ಡ್ ಸಾಹೇಬರು ತೀರಿಕೊಂಡು ಇಪ್ಪತ್ತೈದು ವರ್ಷವಾಗಿತ್ತು. ಒಬ್ಬ ಗೆಳೆಯನಿಗೆ ಒಂದೇ ಪುಸ್ತಕವನ್ನು ಎರಡು ಸಲ ಒಂದೇ ಮಾತು ಬರೆದು ಯಾರೂ ಕೊಡುವುದಿಲ್ಲ. ಒಂದು ಅಸಲು, ಇನ್ನೊಂದು ನಕಲು. ಬೆಣ್ಣೆ ತಂದದ್ದು ಅಸಲಾದರೆ ತಂಗಿ ಕಳ್ಳಿ. ಬೀರುವಿನಲ್ಲಿದ್ದದ್ದು ಅಸಲಾದರೆ ಬೆಣ್ಣೆ ಮೋಸಗಾರ. ನಡುವೆ ಮೂರನೇ ದಾರಿ ಇರಲಿಲ್ಲ.

ತಂಗಿ ಕಿಟಕಿಯ ಪಕ್ಕ ನಿಂತಿದ್ದಳು. ಮೂರು ದಿನದಿಂದ ಸರಿಯಾಗಿ ಉಂಡಿರಲಿಲ್ಲ. ಕುಪ್ಪಸದ ತೋಳು ಸಡಿಲವಾಗಿತ್ತು.

“ಮೇಡಂ,” ಇನ್‌ಸ್ಪೆಕ್ಟರು ಮಡಿಸಿದ ಕಾಗದವೊಂದನ್ನು ಜೇಬಿನಿಂದ ತೆಗೆದರು. “ನಿಮ್ಮ ತಂಗೀನ ಕರ್ಕೊಂಡು ಹೋಗೋ ಕಾಗದ ಇದು. ಎಲ್ಲಾ ಬರೆದಾಗಿದೆ. ನನ್ನ ಸಹಿ ಒಂದು ಬಾಕಿ. ನೀವು ಪುಸ್ತಕ ನೋಡ್ತೀನಿ ಅಂದ್ರಿ, ಬಿಟ್ಟೆ. ಹನ್ನೆರಡು ಗಂಟೆ ತನಕ ನೋಡಿ. ಆಮೇಲೆ ನನ್ನ ಕೈ ಹಿಡಿಯಬೇಡಿ.”

ಗೋಡೆಯ ಗಡಿಯಾರದಲ್ಲಿ ಹನ್ನೊಂದೂವರೆ.

“ಇವಳು ನೋಡಿ ಏನು ಹೇಳ್ತಾಳೆ ಸಾರ್?” ಬೆಣ್ಣೆ ನಕ್ಕ. “ರಟ್ಟು ಅಂಟಿಸೋ ಹೆಂಗಸು. ಓದಿದ್ದು ಏಳನೇ ಕ್ಲಾಸು.”

“ಆರನೇದು,” ಎಂದಳು ಬೈಂಡರಕ್ಕ. “ಏಳಕ್ಕೆ ಹೋಗೋ ಮೊದಲೇ ಅಪ್ಪ ಕೈಗೆ ಸೂಜಿ ಕೊಟ್ಟ. ನೀನು ಪುಸ್ತಕವನ್ನ ಮುಂದಿನಿಂದ ಓದ್ತೀಯ. ನಾನು ಬೆನ್ನಿನ ಕಡೆಯಿಂದ ಓದ್ತೀನಿ. ಈಗ ಬಾಯಿ ಮುಚ್ಚು.”

ಅವಳು ಒಳಗೆ ಹೋಗಿ ಸೋಪು ಹಚ್ಚಿ ಕೈ ತೊಳೆದು, ಒರೆಸಿ, ಮತ್ತೆ ಒರೆಸಿ ಬಂದು ಕೂತಳು. ಎಷ್ಟೇ ಕೋಪವಿರಲಿ, ಒದ್ದೆ ಕೈಯಲ್ಲಿ ಅವಳು ಪುಸ್ತಕ ಮುಟ್ಟಿದವಳಲ್ಲ.

ಮೇಜಿನ ಆಚೆ ತುದಿಯಲ್ಲಿ ಡಾಕ್ಟರು ಕೂತಿದ್ದರು. ಕಣ್ಣಿನ ಡಾಕ್ಟರು. ಕೆಲಸ ಬಿಟ್ಟು ಹತ್ತು ವರ್ಷ. ಮದುವೆ, ಮಕ್ಕಳು, ಯಾವುದರ ಗೋಜಿಗೂ ಹೋಗದೆ ನಲವತ್ತು ವರ್ಷ ಒಂದೇ ಹುಚ್ಚಿನ ಹಿಂದೆ ಬಿದ್ದವರು. ಲೇಖಕರು ತಮ್ಮ ಗೆಳೆಯರಿಗೆ ಕೈಯಾರೆ ಬರೆದುಕೊಟ್ಟ ಮೊದಲ ಮುದ್ರಣದ ಪ್ರತಿಗಳು. ಮಂತ್ರಿಗೆ ಬರೆದದ್ದು ಬೇಡ, ಸಂಪಾದಕನಿಗೆ ಬರೆದದ್ದು ಬೇಡ, ಬಹುಮಾನ ಕೊಡುವವನಿಗೆ ಬರೆದದ್ದಂತೂ ಪುಕ್ಕಟೆ ಕೊಟ್ಟರೂ ಮುಟ್ಟರು. “ಗೆಳೆಯನಿಗೆ ಬರೆಯೋ ಎರಡು ಸಾಲಲ್ಲಿ ಯಾವ ಬರಹಗಾರನೂ ಬಣ್ಣ ಹಚ್ಚೋದಿಲ್ಲ” ಎಂದು ಬಂದವರಿಗೆಲ್ಲ ಹೇಳುವರು.

ಗಾಜಿನ ಬೀರುವಿನಲ್ಲಿ ಅಂಥವು ನೂರ ಅರುವತ್ತಮೂರು. ಒಬ್ಬ ಕವಿ ತನ್ನ ನೆರೆಮನೆಯವನಿಗೆ ಬರೆದಿದ್ದ: “ನನ್ನ ಹಸ್ತಪ್ರತಿ ತಿಂದ ಮೊದಲ ವಿಮರ್ಶಕ ಮೇಕೆಯ ಯಜಮಾನನಿಗೆ.” ಒಬ್ಬ ನಾಟಕಕಾರ ಬರೆದಿದ್ದ: “ನಿನ್ನ ಕೊಡೆ ಕಳೆದುಹೋಯಿತು. ಬದಲಿಗೆ ಇದನ್ನು ಇಟ್ಟುಕೋ, ಮಳೆಗೆ ಹಿಡಿಯಬೇಡ.” ಪ್ರತಿಯೊಂದಕ್ಕೂ ತಂಗಿಯ ದುಂಡು ಅಕ್ಷರದ ಚೀಟಿ. ಯಾರು ಯಾರಿಗೆ ಬರೆದರು, ಎಲ್ಲಿಯ ಗೆಳೆತನ, ಯಾರ ಮನೆಯಿಂದ ಬಂತು. ಹದಿನೈದು ವರ್ಷದಿಂದ ಈ ಪುಸ್ತಕಗಳಿಗೆ ಧೂಳು ಹೊಡೆದವಳು, ಬಿಸಿಲು ತಾಗದಂತೆ ಪರದೆ ಎಳೆದವಳು, ಹುಳ ಬೀಳದಂತೆ ಕಾದವಳು ಅವಳೇ. ಮುಂದಿನ ವಾರ ಈ ಬೀರು ಪೂರ್ತಿಯಾಗಿ ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಹೋಗುವುದಿತ್ತು. ಅಷ್ಟರಲ್ಲಿ ಈ ಕಂಟಕ.

“ಡಾಕ್ಟರೇ,” ಬೈಂಡರಕ್ಕ ಎರಡನ್ನೂ ತೆರೆದಿಟ್ಟಳು. “ಇದು ನಿಮ್ಮ ಮನೆಗೆ ಬಂದು ಹನ್ನೆರಡು ವರ್ಷ ಆಯ್ತು. ದಿನಾ ನೋಡಿದವರು ನೀವು. ನಿಮ್ಮದು ಯಾವುದು?”

ಡಾಕ್ಟರು ಕನ್ನಡಕ ತೆಗೆದು ಅಂಗಿಯ ಅಂಚಿನಿಂದ ಒರೆಸಿದರು. ಒರೆಸುತ್ತಲೇ ಇದ್ದರು.

“ಹೇಳೋಕಾಗ್ತಿಲ್ಲಮ್ಮ. ಎರಡೂ ನನ್ನದೇ ಅನ್ನಿಸ್ತಿದೆ.”

“ಬೀರುವಲ್ಲಿ ಇದ್ದದ್ದು ಎಡಗಡೆದು. ಅದನ್ನಾದರೂ ಅಸಲು ಅಂತೀರೋ ಇಲ್ಲವೋ?”

“ವಯಸ್ಸಾಯ್ತು. ಕಣ್ಣನ್ನ ನಂಬೋಕಾಗಲ್ಲ.”

ಬೈಂಡರಕ್ಕನಿಗೆ ಆ ಉತ್ತರ ಸೇರಲಿಲ್ಲ. ಊರಿನ ಅರ್ಧ ಜನಕ್ಕೆ ಕಣ್ಣು ಕೊಟ್ಟವರು ಹೀಗೆ ಹೇಳುವುದೇ? ಆದರೆ ಅದನ್ನು ಬಿಡಿಸುತ್ತ ಕೂರುವಷ್ಟು ಹೊತ್ತಿರಲಿಲ್ಲ.

ಮೊದಲು ಶಾಯಿ ನೋಡಿದಳು. ಎರಡೂ ಮಾಸಿದ್ದವು. ಅಕ್ಷರ ನೋಡಿದಳು. ಕೊಂಬು, ಒತ್ತು, ಕೊನೆಗೆ ಗಾರ್ಡ್ ಸಾಹೇಬರು ಬಾಲ ಎಳೆಯುವ ರೀತಿ, ಎಲ್ಲ ಒಂದೇ ಅಚ್ಚು. ಯಾರೋ ಅಸಲನ್ನು ದಿನಗಟ್ಟಲೆ ಎದುರಿಗಿಟ್ಟುಕೊಂಡು ಕೈ ಪಳಗಿಸಿಕೊಂಡು ಬರೆದಿದ್ದರು. ಮೈಕಟ್ಟು ನೋಡಿದಳು. ಬೆಣ್ಣೆ ತಂದ ಪ್ರತಿಯೇ ಹೆಚ್ಚು ಹಳೆಯದಾಗಿ ಕಾಣುತ್ತಿತ್ತು. ಮೂಲೆಗಳು ಸವೆದಿದ್ದವು, ಅಂಚು ಹಳದಿಯಾಗಿತ್ತು.

“ಏನಕ್ಕಾ, ಮುಖ ಬಾಡಿತು?” ಬೆಣ್ಣೆಯ ದನಿಯಲ್ಲಿ ಹಳೆಯ ನಯ ಮರಳಿ ಬಂತು. “ನನಗೂ ಬೇಜಾರೇ. ನಿನ್ನ ತಂಗಿ ಅಂದ್ರೆ ನನಗೂ ತಂಗಿ ಇದ್ದ ಹಾಗೆ.”

“ನಿನಗೆ ತಂಗಿ ಆಗೋದಕ್ಕಿಂತ ಜೈಲೇ ವಾಸಿ.”

ಬಾಯಿಗೆ ಹಾಗೆ ಬಂದರೂ ಮನಸ್ಸಿಗೆ ಅನುಮಾನ ಹೊಕ್ಕಿತ್ತು. ಅವಳು ಎದ್ದು ಕಿಟಕಿಯ ಬಳಿ ಹೋದಳು. ಮೆಲ್ಲಗೆ ಕೇಳಬೇಕೆಂದುಕೊಂಡಳು. ಅವಳಿಗೆ ಮೆಲ್ಲಗೆ ಮಾತಾಡಿ ಗೊತ್ತಿದ್ದರೆ ತಾನೆ?

“ಲೇ, ನಿಜ ಹೇಳು. ಒಂದು ದಿನಕ್ಕಾದರೂ ಆ ಪುಸ್ತಕ ಯಾರಿಗಾದರೂ ಕೊಟ್ಟಿದ್ದೆಯಾ?”

ತಂಗಿ ಅಕ್ಕನ ಮುಖವನ್ನೇ ನೋಡಿದಳು. “ನೀನೂ ಕೇಳ್ತೀಯಾ ಅಕ್ಕ?”

“ಕೇಳ್ತೀನಿ. ನಾನು ಕೇಳದೆ ಇನ್ಯಾರು ಕೇಳಬೇಕು?”

“ಚಿಕ್ಕವಳಿದ್ದಾಗ ನಿನ್ನ ಅಂಟಿನ ಡಬ್ಬಿಯಿಂದ ಒಂದು ಬೆರಳು ಅಂಟು ಕದ್ದು ಗಾಳಿಪಟಕ್ಕೆ ಹಚ್ಚಿದ್ದೆ. ನನ್ನ ಕಳ್ಳತನ ಅಷ್ಟೇ. ಬೇಕಾದ್ರೆ ಅದನ್ನೂ ಸಾಹೇಬರಿಗೆ ಬರೆಸು.”

ಅಷ್ಟು ಹೇಳಿ ಕಿಟಕಿಯಾಚೆ ಮುಖ ತಿರುಗಿಸಿದಳು. ಬೈಂಡರಕ್ಕ ಬಿರಬಿರನೆ ಮೇಜಿಗೆ ವಾಪಸಾದಳು. ಗಡಿಯಾರ ಹನ್ನೆರಡಕ್ಕೆ ಹದಿನೈದು ನಿಮಿಷ ತೋರಿಸುತ್ತಿತ್ತು.

ಕಣ್ಣಿನಿಂದ ನೋಡಿದ್ದಾಯಿತು. ಇನ್ನು ಬೆರಳು.

ಅವಳು ಕಣ್ಣು ಮುಚ್ಚಿ ಮೊದಲು ಡಾಕ್ಟರ ಪ್ರತಿಯ ಮೊದಲ ಹಾಳೆಯ ಮಡಿಕೆಗೆ, ಪುಟ ಬೆನ್ನಿಗೆ ಸೇರುವ ಆ ಸಂದಿಗೆ, ಕಿರುಬೆರಳು ತೂರಿಸಿ ಮೇಲಿಂದ ಕೆಳಗೆ ಎಳೆದಳು. ನುಣುಪು. ಹಳೆಯ ಅಂಟಿನ ಒಣ ಗೆರೆ, ಬೇರೇನೂ ಇಲ್ಲ.

ಆಮೇಲೆ ಬೆಣ್ಣೆಯ ಪ್ರತಿ. ಕಿರುಬೆರಳು ಇಳಿಯಿತು. ಇಳಿದು, ತಳದಿಂದ ಎರಡಂಗುಲ ಮೇಲೆ ನಿಂತಿತು. ಸಾಸಿವೆಗಿಂತ ಸಣ್ಣ ಉಬ್ಬು. ಅದರ ಕೆಳಗೆ ಇನ್ನೊಂದು. ಅದರ ಕೆಳಗೆ ಮತ್ತೊಂದು.

ಬೈಂಡರಕ್ಕ ಮತ್ತೆ ಮುಟ್ಟಿದಳು. ಮೂರು.

ಅವಳು ಕಣ್ಣು ತೆರೆದಾಗ ಅವಳ ಮುಖ ನೋಡಿ ಇನ್‌ಸ್ಪೆಕ್ಟರು ಬರುತ್ತಿದ್ದ ಸೀನನ್ನು ತಡೆಹಿಡಿದರು.

“ಬೆಣ್ಣೆ,” ಎಂದಳು ಅವಳು, ಹುಟ್ಟಿದಾಗಿನಿಂದ ಯಾರೂ ಕೇಳಿರದಷ್ಟು ಮೆತ್ತಗೆ. “ನಾನು ಓದಿದವಳಲ್ಲ. ಸ್ವಲ್ಪ ತಿಳಿಸಿ ಹೇಳಪ್ಪ. ನಿನ್ನ ಪುಸ್ತಕ ಅಸಲು ಅಂತ ಹೇಗೆ ಹೇಳ್ತೀಯ?”

ಬೆಣ್ಣೆಗೆ ಖುಷಿಯಾಯಿತು. ಹೊಗಳಿಕೆಗೆ ಹಿಗ್ಗುವ ಜನ ನಯವಾದ ಮಾತಿಗೂ ಹಿಗ್ಗುತ್ತಾರೆ. “ನೋಡಕ್ಕಾ, ಮುಖ್ಯ ಅಂದ್ರೆ ಪುಸ್ತಕ ಅಚ್ಚಾದ ದಿನ ಹೇಗಿತ್ತೋ ಹಾಗೇ ಇರಬೇಕು. ಯಾರೂ ಬಿಚ್ಚಿರಬಾರದು, ಹಾಳೆ ಬದಲಾಯಿಸಿರಬಾರದು. ಇದನ್ನ ಯಾರೂ ಮುಟ್ಟಿಲ್ಲ. ಮೊದಲಿನ ಹೊಲಿಗೆ, ಮೊದಲಿನ ರಟ್ಟು, ಮೊದಲಿನ ಹಾಳೆ.”

“ಈ ಬರೆದಿರೋ ಹಾಳೆಯೂ?”

“ಅದೂ.”

“ನಿನಗೆ ಖಾತ್ರಿ?”

“ಮೂವತ್ತು ವರ್ಷದ ಅನುಭವ! ನನ್ನ ಅಂಗಡಿ ಕಾಗದದ ಮೇಲೆ ಬರೆದು ಸಾಹೇಬರಿಗೆ ಕೊಟ್ಟಿದ್ದೀನಿ.”

“ಕೊಟ್ಟಿದ್ದಾನೆ,” ಎಂದು ಇನ್‌ಸ್ಪೆಕ್ಟರು ಆ ಕಾಗದ ತೆಗೆದು ಓದಿದರು. “‘ಪುಸ್ತಕವು ಮೊದಲ ಮುದ್ರಣದ ಮೂಲ ಸ್ಥಿತಿಯಲ್ಲಿದೆ. ಯಾವುದೇ ಹಾಳೆಯನ್ನು ಸೇರಿಸಿಲ್ಲ, ತೆಗೆದಿಲ್ಲ. ನಾನೇ ಪರೀಕ್ಷಿಸಿದ್ದೇನೆ.’”

“ಸಹಿ?”

“ಇದೆ.”

“ಸಾಕು,” ಎಂದಳು ಬೈಂಡರಕ್ಕ. ಮೆತ್ತನೆಯ ದನಿ ಅಲ್ಲಿಗೆ ಮುಗಿಯಿತು. “ಸಾಹೇಬ್ರೇ, ಆ ಪುಸ್ತಕ ಎತ್ಕೊಳ್ಳಿ. ಕಿಟಕಿ ಹತ್ತಿರ ಬನ್ನಿ. ಬರೆದಿರೋ ಹಾಳೆಯನ್ನ ಬೆಳಕಿಗೆ ಹಿಡೀರಿ. ಅಕ್ಷರ ಬಿಡಿ, ಮಡಿಕೆ ನೋಡಿ. ತಳದಿಂದ ಎರಡಂಗುಲ ಮೇಲೆ.”

ಇನ್‌ಸ್ಪೆಕ್ಟರು ಹಿಡಿದರು. ಹುಬ್ಬು ಗಂಟಾಯಿತು. “ತೂತು. ಸೂಜಿ ಚುಚ್ಚಿದ ಹಾಗೆ. ಒಂದು, ಎರಡು, ಮೂರು.”

“ಮೊದಲನೇದಕ್ಕೂ ಎರಡನೇದಕ್ಕೂ ಒಂದು ಉಗುರಿನಷ್ಟು ದೂರ. ಎರಡನೇದಕ್ಕೂ ಮೂರನೇದಕ್ಕೂ ಅರ್ಧ ಉಗುರು. ಸರಿಯಾ?”

“ಸರಿ. ನಿಮಗೆ ಹೇಗೆ ಗೊತ್ತು? ಅಲ್ಲಿಂದ ಕಾಣೋದಿಲ್ಲವಲ್ಲ.”

“ಚುಚ್ಚಿದವಳಿಗೆ ಗೊತ್ತಿರಲ್ವಾ?”

ಕಿಟಕಿಯಾಚೆ ಯಾರದೋ ಸೈಕಲ್ ಗಂಟೆ ಹೊಡೆದುಕೊಂಡು ಹೋಯಿತು.

“ನನ್ನಪ್ಪ ಕೈಗೆ ಸೂಜಿ ಕೊಟ್ಟ ದಿನವೇ ಒಂದು ಮಾತು ಹೇಳಿದ,” ಬೈಂಡರಕ್ಕ ಎದ್ದು ನಿಂತಳು. “ಹರಿದ ಪುಸ್ತಕಕ್ಕೆ ಹಾಳೆ ಸೇರಿಸೋದು ತಪ್ಪಲ್ಲ. ಸೇರಿಸಿದ್ದನ್ನ ಮುಚ್ಚಿಡೋದು ತಪ್ಪು. ಮುಂದೆ ಯಾವತ್ತೋ ಯಾರೋ ಆ ಪುಸ್ತಕ ಬಿಚ್ಚುತ್ತಾರೆ. ಹುಟ್ಟಿನ ಹಾಳೆ ಯಾವುದು, ನಾವು ಹಾಕಿದ್ದು ಯಾವುದು ಅಂತ ಅವರಿಗೆ ತಿಳೀಬೇಕು. ಅದಕ್ಕೇ ನಮ್ಮ ಅಂಗಡಿಯಲ್ಲಿ ಹೊಸದಾಗಿ ಸೇರಿಸಿದ ಪ್ರತಿ ಹಾಳೆಗೂ ಮಡಿಕೆಯಲ್ಲಿ ಮೂರು ಚುಚ್ಚು. ಓದೋರಿಗೆ ಕಾಣಬಾರದು, ಬಿಚ್ಚೋರಿಗೆ ಸಿಗಬೇಕು.”

“ಸುಳ್ಳು!” ಬೆಣ್ಣೆ ಕೂಗಿದ. “ಯಾವ ಸೂಜಿ ಬೇಕಾದ್ರೂ ತೂತು ಮಾಡುತ್ತೆ! ಹುಳ ತಿಂದಿರಬಹುದು!”

“ಉಗುರು ಅಳತೆ ಮಾಡಿ ತಿನ್ನೋ ಹುಳ ನಿನ್ನ ಅಂಗಡೀಲಿ ಸಾಕಿದ್ದೀಯಾ?” ಅವಳು ತಂಗಿಯ ಕಡೆ ತಿರುಗಿದಳು. “ಲೇ, ಈ ಬೀರುವಿನಲ್ಲಿ ನಾನು ಹಾಳೆ ಹಾಕಿದ್ದು ಯಾವುದು?”

ತಂಗಿಯ ಕಣ್ಣಿಗೆ ಮೂರು ದಿನದ ಮೇಲೆ ಮೊದಲ ಸಲ ಜೀವ ಬಂತು. “ಕೊಡೆ! ಕೊಡೆ ಕಳೆದ ನಾಟಕಕಾರರದ್ದು! ಕೊನೇ ಹಾಳೆ ಹೋಗಿತ್ತು. ನಾನೇ ನಿನ್ನ ಹತ್ತಿರ ತಂದಿದ್ದೆ.” ಓಡಿಹೋಗಿ ಬೀರು ತೆರೆದು ಪುಸ್ತಕ ತಂದಳು. ಚೀಟಿಯಲ್ಲಿ ಅವಳದೇ ಅಕ್ಷರ: ಕೊನೆಯ ಹಾಳೆ ಅಕ್ಕ ಸೇರಿಸಿದ್ದು.

ಇನ್‌ಸ್ಪೆಕ್ಟರು ಅದನ್ನೂ ಬೆಳಕಿಗೆ ಹಿಡಿದರು. ಜೇಬಿನಿಂದ ಒಂದು ತುಂಡು ಕಾಗದ ತೆಗೆದು, ಒಂದರ ಚುಚ್ಚಿಗೆ ಸರಿಯಾಗಿ ಗುರುತು ಹಾಕಿ, ಇನ್ನೊಂದರ ಮೇಲೆ ಇಟ್ಟರು. ಗುರುತಿಗೆ ಗುರುತು ಕೂತಿತು. ಆಮೇಲೆ ಡಾಕ್ಟರ ಪ್ರತಿಯನ್ನು ಹಿಡಿದು ನೋಡಿದರು. ಅದರಲ್ಲಿ ಒಂದು ಚುಚ್ಚೂ ಇರಲಿಲ್ಲ.

“ಇನ್ನೂ ಅನುಮಾನ ಇದ್ರೆ ಅದೂ ಹೋಗಲಿ,” ಎಂದಳು ಬೈಂಡರಕ್ಕ. ಈಗ ಅವಳಿಗೆ ಎಲ್ಲ ನೆನಪಾಗುತ್ತಿತ್ತು. ಅವಳು ಮುಖ ಮರೆಯುವವಳು, ಪುಸ್ತಕ ಮರೆಯುವವಳಲ್ಲ. “ನಾಲ್ಕು ವರ್ಷದ ಹಿಂದೆ ಇದು ನನ್ನ ಅಂಗಡಿಗೆ ಟಪಾಲಲ್ಲಿ ಬಂತು. ಮೊದಲ ಖಾಲಿ ಹಾಳೆ ಇರಲಿಲ್ಲ. ಹಳೇ ಕಾಗದದ್ದೇ ಹಾಕಿ ಅಂತ ಚೀಟಿ ಇತ್ತು. ಅಪ್ಪನ ಕಾಲದ ಖಾಲಿ ಕಾಗದದ ಕಟ್ಟಿನಿಂದ ಒಂದು ತೆಗೆದು ಹಾಕಿದೆ. ಆ ಕಟ್ಟು ಇನ್ನೂ ಅಟ್ಟದ ಮೇಲಿದೆ. ಮೊದಲ ಹದಿನಾರು ಪುಟದ ಹೊಲಿಗೆ ಬಿಟ್ಟುಹೋಗಿತ್ತು. ಬಿಳಿ ನೂಲು ಮುಗಿದಿತ್ತು, ನೀಲಿ ನೂಲಲ್ಲಿ ಹೊಲಿದೆ. ಸಾಹೇಬ್ರೇ, ಎಂಟು ಒಂಬತ್ತನೇ ಪುಟದ ನಡುವೆ ಬಿಡಿಸಿ ನೋಡಿ.”

ಇನ್‌ಸ್ಪೆಕ್ಟರು ಬಿಡಿಸಿದರು. ಮಡಿಕೆಯ ಆಳದಲ್ಲಿ ನೀಲಿ ನೂಲು.

“ಇನ್ನು ಅರುವತ್ತರ ಆಸುಪಾಸಲ್ಲಿ ಯಾರೋ ಎಣ್ಣೆ ಕೈಯಲ್ಲಿ ಓದಿದ ಹೆಬ್ಬೆಟ್ಟಿನ ಗುರುತು. ಬೈದುಕೊಂಡು ಒರೆಸಿದ್ದೆ, ಹೋಗಲಿಲ್ಲ.”

ಅರುವತ್ತಮೂರನೇ ಪುಟದಲ್ಲಿ ಹೆಬ್ಬೆಟ್ಟು ಹೊಳೆಯಿತು.

ಇನ್‌ಸ್ಪೆಕ್ಟರು ಪುಸ್ತಕ ಕೆಳಗಿಟ್ಟರು. ಅವರ ಮೂಗು ಸೀನುವುದನ್ನೇ ಮರೆತಿತ್ತು.

“ಅಂದರೆ,” ಎಂದರು ನಿಧಾನವಾಗಿ, “ಇಪ್ಪತ್ತೈದು ವರ್ಷದ ಹಿಂದೆ ಸತ್ತ ಮನುಷ್ಯ, ನಾಲ್ಕು ವರ್ಷದ ಹಿಂದೆ ನೀವು ಅಂಟಿಸಿದ ಹಾಳೆ ಮೇಲೆ ಬರೆದಿದ್ದಾರೆ.”

“ಸಹಿ ಬೇರೆ ಹಾಕಿದ್ದಾರೆ!” ಬೈಂಡರಕ್ಕ ಬೆಣ್ಣೆಯ ಎದುರು ಹೋಗಿ ನಿಂತಳು. ಅವನಿಗಿಂತ ಒಂದು ಗೇಣು ಗಿಡ್ಡ, ಆದರೆ ಅವನೇ ಎರಡು ಹೆಜ್ಜೆ ಹಿಂದೆ ಸರಿದ. “ಮೂವತ್ತು ವರ್ಷದ ಅನುಭವ! ಮೂಲ ಸ್ಥಿತಿ! ನನ್ನ ಕೆಲಸವನ್ನ ಹುಟ್ಟಿನ ಹಾಳೆ ಅಂತ ಬರೆದುಕೊಟ್ಟಿದ್ದೀಯಲ್ಲ, ಇದಕ್ಕಿಂತ ದೊಡ್ಡ ಬಿರುದು ನನಗೆ ಯಾರು ಕೊಡ್ತಾರೆ? ಆ ಕಾಗದಕ್ಕೆ ಚೌಕಟ್ಟು ಹಾಕಿಸಿ ಅಂಗಡಿ ಬಾಗಿಲಿಗೆ ನೇತು ಹಾಕ್ತೀನಿ!”

ಬೆಣ್ಣೆಯ ಕಣ್ಣು ಬಾಗಿಲಿನ ಕಡೆ ಓಡಿತು, ಕಣ್ಣಿನ ಹಿಂದೆ ಕಾಲೂ ಓಡಿತು. ಇನ್‌ಸ್ಪೆಕ್ಟರು ಒಂದೇ ಹೆಜ್ಜೆಗೆ ಹೋಗಿ ಅಂಗಿಯ ಕಾಲರು ಹಿಡಿದರು. ಎಳೆದಾಟದಲ್ಲಿ ಕುರ್ಚಿ ಬಿತ್ತು, ಟೀ ಕಪ್ಪು ಉರುಳಿತು. ಅಷ್ಟರಲ್ಲಿ ತಂಗಿ ಹಾರಿ ಬಂದು ಎರಡೂ ಪುಸ್ತಕಗಳನ್ನು ಎದೆಗವಚಿಕೊಂಡಳು. ಟೀ ಹಸಿರು ಬಟ್ಟೆಯ ಮೇಲೆ ಹರಿಯಿತು, ಪುಸ್ತಕಕ್ಕೆ ಒಂದು ಹನಿಯೂ ತಾಗಲಿಲ್ಲ.

“ನೋಡಿದ್ರಾ ಸಾಹೇಬ್ರೇ?” ಬೈಂಡರಕ್ಕ ಬಿದ್ದ ಕುರ್ಚಿ ಎತ್ತಿ ನಿಲ್ಲಿಸಿದಳು. “ನಕಲು ಅಂತ ಗೊತ್ತಾದ ಮೇಲೂ ಎರಡನ್ನೂ ಉಳಿಸಿದಳು. ಇವಳು ಕಳ್ಳಿಯಂತೆ.”

ಇನ್‌ಸ್ಪೆಕ್ಟರು ಒಂದು ಕೈಯಲ್ಲಿ ಬೆಣ್ಣೆಯನ್ನು ಹಿಡಿದುಕೊಂಡೇ ಇನ್ನೊಂದು ಕೈಯಲ್ಲಿ ಜೇಬಿನ ಕಾಗದ ತೆಗೆದು ಬೈಂಡರಕ್ಕನಿಗೆ ಕೊಟ್ಟರು. “ಹರಿಯೋ ಕೆಲಸ ನಿಮಗೆ ಆಗಿಬರಲ್ಲ ಅಂತ ಗೊತ್ತು. ಆದರೂ ಇದೊಂದನ್ನ ನೀವೇ ಹರೀರಿ.”

ಅವಳು ಹರಿದಳು. ಎರಡು ಮಾಡಿದಳು, ನಾಲ್ಕು ಮಾಡಿದಳು, ಹದಿನಾರು ಮಾಡಿದಳು. ಐವತ್ತೆರಡು ವರ್ಷದ ಬಾಳಿನಲ್ಲಿ ಕಾಗದ ಹರಿದು ಅಷ್ಟು ಸುಖಪಟ್ಟಿದ್ದು ಅದೇ ಮೊದಲು.

ಬೆಣ್ಣೆಯನ್ನು ಮೂಲೆಯ ಸ್ಟೂಲಿನ ಮೇಲೆ ಕೂರಿಸಿ, ಇನ್‌ಸ್ಪೆಕ್ಟರು ಅಲ್ಲೇ ಮೇಜಿನ ಒಣ ಮೂಲೆಯಲ್ಲಿ ಹೊಸ ಹೇಳಿಕೆ ಬರೆದರು. ಡಾಕ್ಟರ ಬೀರುವಿನಲ್ಲಿದ್ದ ಪ್ರತಿಯೇ ಅಸಲು. ವ್ಯಾಪಾರಿ ತಂದದ್ದು ನಕಲು. ಪುಸ್ತಕಗಳನ್ನು ನೋಡಿಕೊಳ್ಳುತ್ತಿದ್ದ ಹೆಂಗಸಿನ ಮೇಲೆ ಯಾವ ಆರೋಪವೂ ಇಲ್ಲ. ಮೂರು ಚುಚ್ಚು, ನೀಲಿ ನೂಲು, ಎಣ್ಣೆ ಹೆಬ್ಬೆಟ್ಟು, ಎಲ್ಲ ಬರೆದು ಸಹಿ ಹಾಕಿ ಮೊಹರು ಒತ್ತಿದರು. ಹನ್ನೆರಡು ಹೊಡೆಯಿತು.

ತಂಗಿ ಆ ಕಾಗದವನ್ನು ಎರಡು ಸಲ ಓದಿದಳು. ಮೂರನೇ ಸಲ ಓದುವಾಗ ಅಳು ಬಂತು, ಅಳುತ್ತಲೇ ನಗು ಬಂತು.

“ಮೂತಿ ಒರೆಸ್ಕೋ,” ಎಂದು ಅಕ್ಕ ತನ್ನ ಸೆರಗನ್ನೇ ಕೊಟ್ಟಳು. “ಮನೆಗೆ ಹೋಗಿ ಹೊಟ್ಟೆ ತುಂಬ ಉಣ್ಣುವಿಯಂತೆ. ಆದರೆ ಅದಕ್ಕೆ ಮೊದಲು ಇಲ್ಲೊಂದು ಕೆಲಸ ಬಾಕಿ ಇದೆ.”

ಅವಳು ಡಾಕ್ಟರ ಎದುರು ಹೋಗಿ ನಿಂತಳು.

ಇಷ್ಟೆಲ್ಲ ನಡೆದರೂ ಡಾಕ್ಟರು ಕುರ್ಚಿ ಬಿಟ್ಟು ಕದಲಿರಲಿಲ್ಲ. ತಂಗಿ ತಂದು ಮುಂದಿಟ್ಟ ಎರಡು ಪುಸ್ತಕಗಳ ಮೇಲೆ ಒಂದೊಂದು ಅಂಗೈ ಇಟ್ಟುಕೊಂಡು ಕೂತಿದ್ದರು. ಕಳೆದ ಮಾನ ಮರಳಿ ಬಂದ ಮನೆಯ ಯಜಮಾನನ ಮುಖದಲ್ಲಿ ಒಂದಿಷ್ಟು ಸಂತೋಷ ಇರಬೇಡವೇ? ಅಲ್ಲಿ ಏನೂ ಇರಲಿಲ್ಲ.

“ಡಾಕ್ಟರೇ, ನನ್ನದು ಒರಟು ಬಾಯಿ, ತಪ್ಪು ತಿಳ್ಕೋಬೇಡಿ. ಹದಿನೈದು ವರ್ಷ ನಿಮ್ಮ ಪುಸ್ತಕಗಳನ್ನ ಹೆತ್ತ ಮಕ್ಕಳ ಹಾಗೆ ನೋಡಿಕೊಂಡಳು. ಈ ಬೆಣ್ಣೆ ಬಂದು ಕಳ್ಳಿ ಅಂದ. ನೀವು ‘ಅಲ್ಲ’ ಅನ್ನಲಿಲ್ಲ. ಮೂರು ದಿನ ಬಾಯಿ ಬಿಡಲಿಲ್ಲ. ಇವತ್ತು ಕೂಡ ಬಿಡಲಿಲ್ಲ. ಪೊಲೀಸ್ ಕಾಗದದಿಂದ ಇವಳ ಹೆಸರು ತೊಳೆದು ಹೋಯ್ತು. ಆದರೆ ಇವಳಿಗೆ ಬೇಕಾಗಿರೋದು ಅದಲ್ಲ. ‘ನನ್ನದು ತಪ್ಪಾಯ್ತು ಕಣಮ್ಮ’ ಅಂತ ನಿಮ್ಮ ಬಾಯಿಂದ ಒಂದು ಮಾತು. ಅಷ್ಟೇ.”

“ಅಕ್ಕ, ಬಿಡು,” ಎಂದಳು ತಂಗಿ. ಆದರೆ ಬಿಡು ಎಂದವಳ ಕಣ್ಣು ಡಾಕ್ಟರನ್ನೇ ಕಾಯುತ್ತಿತ್ತು.

ಡಾಕ್ಟರು ಕೈಯೂರಿ ಎದ್ದರು. ಒಂದು ಪುಸ್ತಕವನ್ನು ಎತ್ತಿಕೊಂಡು, ತೆರೆದು, ಆ ಎರಡು ಸಾಲನ್ನು ಓದಿದರು. ಮುಚ್ಚಿ ಕಂಕುಳಲ್ಲಿಟ್ಟುಕೊಂಡರು.

“ಹೇಳ್ತೀನಮ್ಮ,” ಎಂದರು ತಂಗಿಗೆ. “ಹೇಳಲೇಬೇಕು. ಸ್ವಲ್ಪ ಹೊರಗೆ ಗಾಳಿಗೆ ಹೋಗಿ ಬರ್ತೀನಿ.”

ಯಾರೂ ತಡೆಯಲಿಲ್ಲ. ಅವರ ಮನೆ, ಅವರ ಪುಸ್ತಕ. ಮುದಿ ಜೀವ, ನಾಚಿಕೆಯಾಗಿದೆ, ಒಂದು ನಿಮಿಷ ಕೊಡೋಣ ಎಂದು ಬೈಂಡರಕ್ಕನಿಗೇ ಮರುಕ ಹುಟ್ಟಿತು. ಹಜಾರದಲ್ಲಿ ಹೆಜ್ಜೆ ಸಪ್ಪಳ ದೂರವಾಯಿತು. ಮುಂಬಾಗಿಲು ತೆರೆಯಿತು, ಮುಚ್ಚಿತು.

ಇನ್‌ಸ್ಪೆಕ್ಟರು ಬೆಣ್ಣೆಯ ಕಡೆ ಕುರ್ಚಿ ಎಳೆದುಕೊಂಡರು. “ಈಗ ನಿನ್ನ ಸರದಿ. ಬರೆದದ್ದು ಯಾರು?”

“ನಾನಲ್ಲ ಸಾರ್. ನನ್ನ ಅಕ್ಷರ ನೋಡಿ, ಕಾಗೆ ಕಾಲಿನ ಹಾಗಿದೆ. ಬರೆದೇ ನನ್ನ ಕೈಗೆ ಬಂತು.”

“ಯಾರು ಕೊಟ್ಟರು? ಮತ್ತೆ ದಲ್ಲಾಳಿ ಅಂದ್ರೆ ನೋಡು.”

“ದಲ್ಲಾಳಿ ಇಲ್ಲ ಸಾರ್, ಸುಳ್ಳು ಹೇಳಿದೆ. ಹಾಗೆ ಹೇಳು ಅಂತ ಹೇಳಿಕೊಟ್ಟದ್ದೂ ಅವರೇ. ಈ ಪುಸ್ತಕ ತಗೊಂಡು ಮನೆಗೆ ಬಾ, ಇದೇ ಅಸಲು ಅಂತ ಎಲ್ಲರ ಮುಂದೆ ಹೇಳು, ಮಿಕ್ಕದ್ದು ನಾನು ನೋಡ್ಕೋತೀನಿ ಅಂದ್ರು.”

“ಅವರೇ ಅಂದ್ರೆ ಯಾರು?”

ಬೆಣ್ಣೆ ಖಾಲಿ ಕುರ್ಚಿಯ ಕಡೆ ನೋಡಿದ.

“ಈಗ ತಾನೇ ಎದ್ದು ಹೋದರಲ್ಲ, ಅವರು. ಬೀರುವಿನಲ್ಲಿರೋದು ನಕಲು ಅನ್ನಿಸಿಕೊಂಡ್ರೆ ಅದು ಗ್ರಂಥಾಲಯಕ್ಕೆ ಹೋಗದೆ ನನ್ನ ಹತ್ತಿರವೇ ಉಳಿಯುತ್ತೆ ಅಂದ್ರು.”

ಬೈಂಡರಕ್ಕನಿಗೆ ಮೊದಲು ಕೋಪ ಬಂತು. ಅವನ ಕೆನ್ನೆಗೆ ಬಾರಿಸಲು ಎತ್ತಿದ ಕೈ ಗಾಳಿಯಲ್ಲೇ ನಿಂತಿತು. ತಂಗಿ ಮೇಜಿನ ಬಳಿ ನಿಂತು, ಡಾಕ್ಟರು ಬಿಟ್ಟುಹೋದ ಪುಸ್ತಕದ ಮಡಿಕೆಯಲ್ಲಿ ಕಿರುಬೆರಳು ಎಳೆಯುತ್ತಿದ್ದಳು. ಒಮ್ಮೆ. ಮತ್ತೊಮ್ಮೆ.

“ಅಕ್ಕ, ಇದರಲ್ಲಿ ಒಂದು ಚುಚ್ಚೂ ಇಲ್ಲ.”

“ಏನಂದೆ?”

“ಇಲ್ಲಿರೋದು ಅಸಲು. ಅವರು ತಗೊಂಡು ಹೋಗಿರೋದು ನಕಲು, ತಾವೇ ಬರೆದದ್ದು.”

ಬೈಂಡರಕ್ಕ ಹಜಾರ ದಾಟಿ, ಬಾಗಿಲು ತಳ್ಳಿ, ಗೇಟಿನವರೆಗೆ ಓಡಿದಳು. ಮಧ್ಯಾಹ್ನದ ಬಿಸಿಲಲ್ಲಿ ಬೀದಿ ಎರಡೂ ಕಡೆ ಬಿಕೋ ಎನ್ನುತ್ತಿತ್ತು. ಎದುರಿನ ಔಷಧಿ ಅಂಗಡಿಯವನನ್ನು ಕೇಳಿದಳು. ಡಾಕ್ಟರು ಬಸ್ಸಿನ ಕಡೆ ಹೋದರು, ತಿರುಗಿ ನೋಡಲಿಲ್ಲ, ಕರೆದರೂ ಮಾತಾಡಲಿಲ್ಲ ಎಂದ.

ಇನ್‌ಸ್ಪೆಕ್ಟರು ಬೆಣ್ಣೆಯನ್ನು ಜೀಪಿಗೆ ಹತ್ತಿಸಿ, ನಾಲ್ಕೂ ದಿಕ್ಕಿಗೆ ಜನ ಕಳಿಸಿದರು. ಒಂದು ಗಂಟೆಯಾಯಿತು. ಎರಡಾಯಿತು. ಅಕ್ಕ ಎಷ್ಟು ಬೈದರೂ ತಂಗಿ ಮನೆಗೆ ಹೊರಡಲಿಲ್ಲ. ಹೇಳ್ತೀನಿ ಅಂದಿದ್ದಾರಲ್ಲ, ಹೇಳದೆ ಎಲ್ಲಿ ಹೋಗ್ತಾರೆ ಎಂದು ಮುಂಬಾಗಿಲ ಮೆಟ್ಟಿಲ ಮೇಲೆ ಕೂತಳು.

ಐದು ಗಂಟೆಗೆ ಬಂದ ಕೊನೆಯ ಪೊಲೀಸಿನವನು ಗೇಟಿನ ಹೊರಗೇ ನಿಂತು, ಇಲ್ಲ ಎಂದು ತಲೆಯಾಡಿಸಿದ.